ದಿನಕ್ಕೆ ನಲವತ್ತು ಬಾಗಿಲು, ಒಂದು ಚೊಂಬು ನೀರು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯ ಹಿಡಿದು ಬಂದಿವೆ: ಮನೆ ಮನೆಗೆ ಹೋಗಿ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳುವುದು. ಹೋಗುವವರೂ ಬರೆದಿದ್ದಾರೆ, ಬಾಗಿಲು ತೆರೆದವರೂ ಬರೆದಿದ್ದಾರೆ. ಹಾಗಾಗಿ ಅಡುಗೆಮನೆ, ಅತ್ತೆ-ಸೊಸೆ ಪತ್ರಗಳಿಗೆಲ್ಲ ಮುಂದಿನ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ದಸರಾ ರಜೆಯಲ್ಲಿ ನಮ್ಮ ಚರ್ಚಿನ ಸಭೆಯ ಯೌವನಸ್ಥರ ಸಂಘದಿಂದ ಐದು ದಿನ ಗದಗ ಜಿಲ್ಲೆಯ ಹಳ್ಳಿಗಳಿಗೆ ಸುವಾರ್ತೆ ಸೇವೆಗೆ ಹೋಗುತ್ತಿದ್ದೇವೆ. ಇಬ್ಬಿಬ್ಬರ ಜೋಡಿ, ಒಂದು ಜೋಡಿಗೆ ದಿನಕ್ಕೆ 40 ಮನೆ. ಕರಪತ್ರ ತಗೊಂಡರೇ, ಪ್ರಾರ್ಥನೆಗೆ ಒಪ್ಪಿದರೇ ಎಂದು ಕಾರ್ಡಿನಲ್ಲಿ ಗುರುತು ಹಾಕಬೇಕು. ಹೋದ ವರ್ಷ ಒಬ್ಬ ಅಜ್ಜ ನನ್ನ ಮಾತೆಲ್ಲ ಕೇಳಿ, "ತಮ್ಮಾ, ಇದನ್ನ ನಿಮ್ಮ ಬಾಜೂ ಮನ್ಯಾವ್ರಿಗೆ ಹೇಳೀಯೇನು?" ಎಂದರು. ನಾನು ಸುಮ್ಮನಾದೆ. ಬೆಂಗಳೂರಿನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರ ಹೆಸರೇ ನನಗೆ ಗೊತ್ತಿಲ್ಲ. ಈ ಸಲ ಬಾಗಿಲಲ್ಲಿ ಮೊದಲು ಏನು ಹೇಳಲಿ? ಬೈದರೆ ಏನು ಮಾಡಲಿ? ಇದಕ್ಕೆ ಕಾನೂನಿನ ಅಡ್ಡಿ ಇದೆಯೇ? (ಹೆಸರು ಬೇಡ, ಬೆಂಗಳೂರು)

ಉತ್ತರ: ತಮ್ಮಾ, ಆ ಅಜ್ಜ ಇನ್ನೂ ಇದ್ದರೆ ಈ ಸಲ ಮೊದಲು ಅವರ ಮನೆಗೇ ಹೋಗು. ಪಕ್ಕದ ಫ್ಲ್ಯಾಟಿನವರ ಹೆಸರು ತಿಳಿದುಕೊಂಡು ಹೋಗು. "ಅಜ್ಜಾರ, ನೀವು ಕೇಳಿದ್ದಕ್ಕ ತಿಳಕೊಂಡು ಬಂದೀನ್ರಿ" ಅಂತ ಹೇಳು. ಅದಕ್ಕಿಂತ ಒಳ್ಳೆಯ ಮೊದಲ ಮಾತು ನನಗೆ ಹೊಳೆಯುತ್ತಿಲ್ಲ.

ನಮ್ಮ ಯಜಮಾನರು ಮೂವತ್ತನಾಲ್ಕು ವರ್ಷ ಸಭಾಪಾಲಕರು, ಅಂದರೆ ಪಾದ್ರಿಗಳು, ಆಗಿದ್ದರು. ಏಳು ಊರಿಗೆ ವರ್ಗವಾಯಿತು. ಏಳು ಊರಲ್ಲೂ ನಾನು ಓಣಿ ಓಣಿ ಸುತ್ತಿದ್ದೇನೆ. ಸಂಬಳ ಅವರಿಗೆ, ಮೊಣಕಾಲು ನೋವು ನನಗೆ. ಆ ಅನುಭವದ ಮೇಲೆ ಹೇಳುತ್ತೇನೆ, ನಿಮ್ಮ 40 ಮನೆಯ ಲೆಕ್ಕ ನನಗೆ ಸೇರಲಿಲ್ಲ. ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡೂವರೆ ಗಂಟೆ ಓಡಾಡುತ್ತೀರಿ ಅಂತಿಟ್ಟುಕೋ. ಒಂದು ಮನೆಗೆ ಎಂಟು ನಿಮಿಷ. ಅದರಲ್ಲೇ ನಡೆಯುವುದು, ಚಪ್ಪಲಿ ಬಿಡುವುದು, ನಾಯಿ ಬೊಗಳಿದರೆ ನಿಲ್ಲುವುದು, ಕಾರ್ಡ್ ತುಂಬುವುದು. ಕರೆಂಟ್ ಬಿಲ್ ಕೊಡುವವನೂ ಕೆಲವು ಮನೆಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಾನೆ.

ಇನ್ನು ನೀವು ಆರಿಸಿಕೊಂಡ ಕಾಲ. ದಸರಾ ಹೊತ್ತಿಗೆ ಆ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಬಿತ್ತನೆ. ಜೋಳ, ಕಡಲೆ. ಮುಂಗಾರಿ ಉಳ್ಳಾಗಡ್ಡಿ ಕಿತ್ತು ಹಾಕುವುದೂ ಅದೇ ಹೊತ್ತಿಗೆ ಬರುತ್ತದೆ. ಹತ್ತು ಗಂಟೆಗೆ ನೀನು ಬಾಗಿಲು ತಟ್ಟಿದರೆ ಒಳಗೆ ಇರುವವರು ಕಣ್ಣು ಮಂಜಾದ ಮುದುಕಿ, ಇಲ್ಲವೇ ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡ ಎಂಟು ವರ್ಷದ ಹುಡುಗಿ. ದೊಡ್ಡವರಿಲ್ಲದ ಮನೆಯೊಳಗೆ ಕಾಲಿಡಬೇಡ. ಮಕ್ಕಳ ಕೈಯಲ್ಲಿ ಏನನ್ನೂ ಕೊಡಬೇಡ. ಇದು ನನ್ನ ಸಲಹೆ ಅಲ್ಲ, ಕಟ್ಟುನಿಟ್ಟು.

ಹೀಗೆ ಕಟ್ಟುನಿಟ್ಟು ಮಾಡಲು ಕಾರಣ ಇದೆ. 1980ರ ದಶಕದ ಕೊನೆಯ ಮಾತು. ನಾವಿದ್ದ ಊರಿಗೆ ದೊಡ್ಡ ಪಟ್ಟಣದಿಂದ ಒಂದು ತಂಡ ಬಂತು. ಇಪ್ಪತ್ತು ಜನ, ಒಂದು ವ್ಯಾನು, ಮೂರು ದಿನ. ಒಳ್ಳೆಯ ಮಕ್ಕಳೇ. ಹಾಡು ಚೆನ್ನಾಗಿ ಹಾಡುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಹುಡುಗರಿಗೆ ಪೆನ್ನು, ಬಿಸ್ಕತ್ತು ಹಂಚಿದರು. ಆಮೇಲೆ "ಯೇಸು ಯಾರಿಗೆ ಬೇಕು, ಕೈ ಎತ್ತಿ" ಎಂದು ಕೇಳಿ ಫೋಟೋ ತೆಗೆದರು. ಪೆನ್ನು ಯಾರಿಗೆ ಬೇಡ? ಎಲ್ಲರೂ ಕೈ ಎತ್ತಿದರು. ತಂಡ ವ್ಯಾನು ಹತ್ತಿ ಹೋಯಿತು.

ನಾಲ್ಕನೇ ದಿನ ನಮ್ಮ ಮನೆಗೆ ಹಾಲು ಬರಲಿಲ್ಲ. ಐದನೇ ದಿನ ನಾನೇ ಹೋಗಿ ಕೇಳಿದೆ. ಹಾಲಿನವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ನಮ್ಮ ಮಾವ ಬ್ಯಾಡ ಅಂತಾರ್ರೀ ಅಮ್ಮಾರ" ಅಂದಳು. ನನ್ನ ಮಗಳಿಗೆ ಆಗ ಒಂದೂವರೆ ವರ್ಷ. ನಾಲ್ಕು ತಿಂಗಳು ಪುಡಿ ಹಾಲು ಕಲಸಿದೆ. ನಮ್ಮ ಸಭೆಯ ಹನ್ನೊಂದು ಮನೆಯವರು ಆ ಊರಲ್ಲೇ ಹುಟ್ಟಿ ಬೆಳೆದವರು. ಅವರನ್ನೂ ಕೂಲಿಗೆ ಕರೆಯುವುದು ಕಡಿಮೆಯಾಯಿತು. ಪಟ್ಟಣದ ತಂಡದ ವರದಿಯಲ್ಲಿ ಮಾತ್ರ ಎತ್ತಿದ ಕೈಗಳ ಎಣಿಕೆ ಇತ್ತು.

ಹಾಲು ಮತ್ತೆ ಶುರುವಾದದ್ದು ಪ್ರಾರ್ಥನೆಯಿಂದ ಎಂದು ಬರೆಯಲು ನನಗೂ ಆಸೆ. ನಿಜ ಹೇಳಬೇಕೆಂದರೆ ಶುರುವಾದದ್ದು ಅವಳ ಎಮ್ಮೆಯಿಂದ. ಒಂದು ರಾತ್ರಿ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ನಮ್ಮ ಯಜಮಾನರು ಲೂನಾ ಹತ್ತಿ ಹನ್ನೆರಡು ಮೈಲಿ ಹೋಗಿ ದನದ ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ಬಂದರು. ಕರು ಬದುಕಲಿಲ್ಲ, ಎಮ್ಮೆ ಉಳಿಯಿತು. ಎರಡು ದಿನ ಬಿಟ್ಟು ಆ ಮಾವನೇ ತಂಬಿಗೆ ಹಿಡಿದು ನಮ್ಮ ಕಟ್ಟೆಗೆ ಬಂದ. ಒಂದು ಮಾತೂ ಆಡಲಿಲ್ಲ, ತಂಬಿಗೆ ಇಟ್ಟು ಹೋದ.

ಅದಕ್ಕೇ ಹೇಳುತ್ತಿರುವುದು, ನೀವು ಐದು ದಿನ ಇದ್ದು ಬಸ್ಸು ಹತ್ತುವವರು. ನೀವು ತಟ್ಟಿದ ಬಾಗಿಲಿನ ಎದುರಿನ ಮನೆಯಲ್ಲಿ ಬದುಕಬೇಕಾದವರು ಬೇರೆ. ಹೋಗುವ ಮುಂಚೆ ಆ ಊರಿನ ಸಭೆಯ ಅಯ್ಯನವರನ್ನು, ಅಂದರೆ ಅಲ್ಲಿಯ ಪಾದ್ರಿಗಳನ್ನು, ಕೇಳಿದ್ದೀರಾ? "ಬನ್ನಿ" ಎಂದರೇ, ಇಲ್ಲ ನಿಮ್ಮ ಸಭೆ ದೊಡ್ಡದು ಎಂದು "ಇಲ್ಲ" ಅನ್ನಲಾಗದೆ ಸುಮ್ಮನಾದರೇ? ಫೋನಿನಲ್ಲಿ ಅವರ ದನಿ ಸರಿಯಾಗಿ ಕೇಳಿಸಿಕೋ.

ನಿಮ್ಮ "ಇಬ್ಬಿಬ್ಬರ ಜೋಡಿ" ಎಲ್ಲಿಂದ ಬಂತೆಂದು ನನಗೆ ಗೊತ್ತು. ಬೈಬಲಿನ ಲೂಕ 10ನೇ ಅಧ್ಯಾಯ, ಮೊದಲನೇ ವಚನ. ಅದೇ ಅಧ್ಯಾಯವನ್ನು ಏಳನೇ ವಚನದ ತನಕ ಓದು. ಮನೆಯಿಂದ ಮನೆಗೆ ಹೋಗಬೇಡಿರಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ! ಒಂದು ಮನೆಯಲ್ಲಿ ಉಳಿಯಿರಿ, ಅವರು ಕೊಟ್ಟದ್ದನ್ನು ತಿನ್ನಿರಿ, ಕುಡಿಯಿರಿ. ಮುಂದಿನ ಎರಡು ವಚನದ ಕ್ರಮವನ್ನೂ ನೋಡು. ಬಡಿಸಿದ್ದನ್ನು ಊಟ ಮಾಡುವುದು ಮೊದಲು, ರೋಗಿಗಳ ಆರೈಕೆ ಆಮೇಲೆ, ದೇವರ ರಾಜ್ಯದ ಮಾತು ಕೊನೆಗೆ. ನಿಮ್ಮ ಮುಖಂಡರು ಇದಕ್ಕೆ ಅಪೊಸ್ತಲರ ಕೃತ್ಯಗಳು 20:20 ತೋರಿಸಬಹುದು. ಪೌಲನು ಎಫೆಸದವರಿಗೆ ಮನೆಮನೆಯಲ್ಲೂ ಉಪದೇಶಿಸಿದೆನು ಎಂದದ್ದು ಅಲ್ಲಿದೆ, ನಿಜ. ಅದೇ ಅಧ್ಯಾಯದ 31ನೇ ವಚನದಲ್ಲಿ ಮೂರು ವರ್ಷ ಎಂದೂ ಇದೆ. ಐದು ದಿನ ಅಲ್ಲ.

ಈಗ ನೀನು ಕೇಳಿದ ಮೊದಲ ನಿಮಿಷ. ಚಪ್ಪಲಿ ಕಟ್ಟೆಯ ಕೆಳಗೇ ಬಿಡು. ಹೊಸ್ತಿಲ ಹತ್ತಿರ ಹೋಗಬೇಡ, ಬಾಗಿಲ ನೇರಕ್ಕೆ ನಿಂತು ಒಳಗೆ ಇಣುಕಬೇಡ, ಪಕ್ಕಕ್ಕೆ ನಿಲ್ಲು. "ಯಾರದೀರಿ ಮನ್ಯಾಗ?" ಎಂದು ಒಂದೇ ಸಲ ಕೂಗು. ಹೊರಗೆ ಬಂದವರಿಗೆ ನಿನ್ನ ಹೆಸರು, ಊರು, ಯಾವ ಸಭೆಯವನು, ಯಾಕೆ ಬಂದೆ ಎಂದು ಎರಡೇ ವಾಕ್ಯದಲ್ಲಿ ಹೇಳು. ಸರ್ವೇ ಮಾಡುತ್ತಿದ್ದೇವೆ, ಆರೋಗ್ಯದ ಮಾಹಿತಿ ಕೊಡುತ್ತಿದ್ದೇವೆ ಎಂದು ಶುರುಮಾಡಿ ಆಮೇಲೆ ಬೈಬಲ್ ತೆಗೆಯುವವರನ್ನು ನಾನು ನೋಡಿದ್ದೇನೆ. ಸುಳ್ಳಿನಿಂದ ಶುರುವಾದ ಸುವಾರ್ತೆ ಎಂಥದ್ದು? ಆಮೇಲೆ ಕೇಳು: "ಈಗ ಕೆಲಸದಾಗ ಅದೀರೇನ್ರಿ?" ಹೌದು ಎಂದರೆ ಕೈಮುಗಿದು ಹೊರಡು.

ಚೊಂಬಿನಲ್ಲಿ ನೀರು ತಂದುಕೊಟ್ಟರೆ ಕುಡಿ. ಇದನ್ನು ಎರಡು ಸಲ ಓದಿಕೋ. ನಿನ್ನ ಬೆನ್ನಿಗೆ ಒಂದು ಲೀಟರಿನ ಬಾಟಲಿ ನೇತಾಡುತ್ತಿರುತ್ತದೆ. ನೀನು ಸಹಜವಾಗಿ "ಬೇಡ್ರಿ, ನಮ್ದು ಐತಿ" ಅನ್ನುತ್ತೀಯ. ಅವರ ಕಿವಿಗೆ ಬೀಳುವುದು "ನಿಮ್ಮ ಮನಿ ನೀರು ಬ್ಯಾಡ" ಎಂದು. ಯಾವ ಕೇರಿಯಲ್ಲಿ ನಿಂತು ಹಾಗೆ ಹೇಳಿದೆ ಅನ್ನುವುದರ ಮೇಲೆ ಆ ಮಾತಿನ ಭಾರ. ತಲೆಮಾರುಗಳಿಂದ ತಮ್ಮ ಕೈ ನೀರು ಬೇಡ ಅನ್ನಿಸಿಕೊಂಡವರ ಓಣಿಯಲ್ಲಿ ನಿಂತು ದೇವರು ಎಲ್ಲರನ್ನೂ ಪ್ರೀತಿಸುತ್ತಾನೆ ಎಂಬ ಕರಪತ್ರ ಕೊಟ್ಟು, ನೀರು ಒಲ್ಲೆ ಅಂದರೆ ಯಾವುದನ್ನು ನಂಬುತ್ತಾರೆ? ಹೊಟ್ಟೆ ಕೆಡುತ್ತದೆಂಬ ಹೆದರಿಕೆ ಇದ್ದರೆ ಎರಡು ಗುಟುಕು ಕುಡಿ. ನನ್ನ ಹೊಟ್ಟೆ ಮೂವತ್ತನಾಲ್ಕು ವರ್ಷದಲ್ಲಿ ಕೆಟ್ಟದ್ದು ಹೆಚ್ಚಾಗಿ ಮದುವೆ ಊಟಗಳಿಂದ.

ಬೈದರೆ? ಬೈಸಿಕೋ, ಬಾ. ಮತ್ತಾಯ 10ರಲ್ಲಿ ಕಾಲಿನ ಧೂಳು ಝಾಡಿಸಿ ಹೊರಡಿರಿ ಎಂದಿದೆಯಲ್ಲ, ಕೆಲವರು ಅದನ್ನು ಶಾಪ ಎಂಬಂತೆ ನಟಿಸಿ ತೋರಿಸುತ್ತಾರೆ. ಒಬ್ಬ ಹುಡುಗ ನಿಜವಾಗಿಯೂ ಬೂಟು ಝಾಡಿಸಿದ್ದನ್ನು ಕಣ್ಣಾರೆ ಕಂಡು ನಾಚಿಕೊಂಡಿದ್ದೇನೆ. ಅದಕ್ಕೆ ಒಂದು ವಚನ ಹಿಂದೆ ನೋಡು: ಅವರಿಗೆ ಬೇಡವಾದರೆ ನೀವು ಹೇಳಿದ ಸಮಾಧಾನ ನಿಮಗೇ ಹಿಂತಿರುಗಿ ಬರುತ್ತದೆ. ಹಾಗಾದರೆ ಜಗಳ ಯಾಕೆ? ಕರಪತ್ರವನ್ನು ಬಾಗಿಲ ಸಂದಿಯಲ್ಲಿ ತುರುಕಿ ಬರಬೇಡ. ಮೊಬೈಲ್ ತೆಗೆದು ವಿಡಿಯೊ ಮಾಡಬೇಡ. ನಾಲ್ಕಾರು ಜನ ಸೇರಿ ಕೇಳತೊಡಗಿದರೆ ವಾದಕ್ಕೆ ನಿಲ್ಲದೆ, ಅಲ್ಲಿಯ ಅಯ್ಯನವರಿಗೆ ಫೋನ್ ಹಚ್ಚಿ ಅವರು ಹೇಳಿದಂತೆ ಮಾಡು.

ಕಾನೂನಿನ ವಿಷಯ ಚುಟುಕಾಗಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯದ ಮಿತಿಯೊಳಗೆ. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸ್ಟೆನಿಸ್ಲಾಸ್ ಮೊಕದ್ದಮೆಯಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2022ರ ಕಾಯ್ದೆ ಬಲವಂತ, ಮೋಸ, ಆಮಿಷದ ಮತಾಂತರವನ್ನು ಅಪರಾಧ ಎಂದಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೊರಡುವ ವಾರ ಒಬ್ಬ ವಕೀಲರನ್ನು ಕೂರಿಸಿಕೊಂಡು ಇಡೀ ತಂಡ ಕೇಳಿಸಿಕೊಳ್ಳಿ. ಅಕ್ಕಿ, ಕಂಬಳಿ, ಔಷಧಿ, ಪೆನ್ನು, ಯಾವುದೂ ಕರಪತ್ರದ ಚೀಲದಲ್ಲಿ ಇರಕೂಡದು. "ಪ್ರಾರ್ಥನೆ ಮಾಡಿಸಿದರೆ ಕಾಯಿಲೆ ವಾಸಿ" ಎಂಬ ಮಾತು ಬಾಯಲ್ಲಿ ಬರಕೂಡದು. ವಿದೇಶದಿಂದ ಬಂದ ಅತಿಥಿಗಳು ನಿಮ್ಮ ಜೊತೆ ಬರುವುದಾದರೆ ಅವರ ವೀಸಾ ನೋಡಿ. ಪ್ರವಾಸಿ ವೀಸಾದ ಮೇಲೆ ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆ ಇದೆ.

ಇನ್ನೊಂದು. ನೀವಿರುವ ಐದು ದಿನಗಳಲ್ಲಿ ವಿಜಯದಶಮಿ ಬಂದರೆ ಅಂದು ಕರಪತ್ರದ ಚೀಲ ಕೋಣೆಯಲ್ಲೇ ಇರಲಿ. ಆ ಸಂಜೆ ಊರಿಗೆ ಊರೇ ಮನೆ ಮನೆ ಸುತ್ತುತ್ತದೆ. ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಅಂದು ಬರುತ್ತಾರೆ. ನಮ್ಮ ಮನೆಗೂ ಬರುತ್ತಿದ್ದರು, ನಾನು ಚಹ-ಚೂಡಾ ಕೊಡುತ್ತಿದ್ದೆ. ಪಾದ್ರಿ ಮನೆಯಲ್ಲಿ ಬನ್ನಿ ತಗೊಳ್ಳಬಹುದೇ ಎಂದು ನಮ್ಮವರೇ ಒಬ್ಬರು ಆಕ್ಷೇಪ ಎತ್ತಿದರು. "ಬಾಗಿಲಿಗೆ ಬಂದ ಸಮಾಧಾನವನ್ನು ವಾಪಸ್ ಕಳಿಸಲು ನನಗೆ ಬರುವುದಿಲ್ಲ" ಎಂದರು ನಮ್ಮ ಯಜಮಾನರು.

40 ಮನೆಯ ಕಾರ್ಡನ್ನು ಮುಖಂಡರಿಗೆ ಕೊಡಲೇಬೇಕಾದರೆ ಕೊಡು. ಹಿಂಬದಿಯಲ್ಲಿ ನಿನಗಾಗಿ ನೀರು ಕೊಟ್ಟವರ ಹೆಸರು ಬರೆದುಕೋ.

ಪ್ರಶ್ನೆ: ನಾವು ಹಿಂದೂಗಳು, ಮೈಸೂರಿನ ಹೊಸ ಬಡಾವಣೆಯಲ್ಲಿದ್ದೇವೆ. ತಿಂಗಳಿಗೆ ಎರಡು ಸಲ ಇಬ್ಬರು ಹೆಂಗಸರು ಅಚ್ಚುಕಟ್ಟಾಗಿ ಸೀರೆ ಉಟ್ಟು, ಪುಸ್ತಿಕೆ ಹಿಡಿದು ಬರುತ್ತಾರೆ. ತುಂಬಾ ಮರ್ಯಾದಸ್ಥರು. ಅದೇ ತೊಂದರೆ, ಬೇಡ ಅನ್ನಲು ಬಾಯಿ ಬರುವುದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು, ನಮ್ಮ ಸಿಸ್ಟರುಗಳು ಯಾವತ್ತೂ ಹೀಗೆ ಬಂದವರಲ್ಲ. ಇವರು ಯಾರು? (ಒಬ್ಬ ಓದುಗಳು)

ಉತ್ತರ: ಪುಸ್ತಿಕೆಯ ಮೇಲೆ "ಕಾವಲಿನಬುರುಜು" ಎಂದೋ "ಎಚ್ಚರ!" ಎಂದೋ ಇದ್ದರೆ ಅವರು ಯೆಹೋವನ ಸಾಕ್ಷಿಗಳು. ಮನೆ ಮನೆಗೆ ಹೋಗುವುದು ಅವರಿಗೆ ರಜೆಯ ಸೇವೆ ಅಲ್ಲ, ಆರಾಧನೆಯ ಭಾಗವೇ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ ಲೋಕದಾದ್ಯಂತ ನಿಲ್ಲಿಸಿದ್ದನ್ನು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಶುರುಮಾಡಿದರು. ಅವರು ಕ್ರಿಸ್ಮಸ್ ಆಚರಿಸುವುದಿಲ್ಲ. ತ್ರಯೇಕ ದೇವರು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಮ್ಮ ನಂಬಿಕೆಯನ್ನು ಒಪ್ಪುವುದಿಲ್ಲ. ಹಾಗಾಗಿ ನಿಮ್ಮ ಸಿಸ್ಟರುಗಳ ಕಥೋಲಿಕ ಸಭೆಗೂ ನಮ್ಮ ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್) ಸಭೆಗೂ ಅವರಿಗೂ ಕೊಡುಕೊಳೆ ಇಲ್ಲ. ಹಾಗೆಂದು ಅವರನ್ನು ಹಗುರವಾಗಿ ಕಾಣಬೇಡಿ. ರಾಷ್ಟ್ರಗೀತೆ ಹಾಡುವಾಗ ಎದ್ದು ನಿಂತು, ಹಾಡದೆ ಇದ್ದದ್ದಕ್ಕೆ ಶಾಲೆಯಿಂದ ಹೊರಹಾಕಿಸಿಕೊಂಡ ಕೇರಳದ ಮಕ್ಕಳ ಪರವಾಗಿ 1986ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತಲ್ಲ, ಆ ಮಕ್ಕಳು ಇವರ ಪೈಕಿ.

ಬೇಡ ಅನ್ನುವುದು ಸುಲಭ. "ನಮ್ಮ ಮನೆಗೆ ಇನ್ನು ಬರಬೇಡಿ" ಎಂದು ನಗುತ್ತಲೇ, ಆದರೆ ನೇರವಾಗಿ ಹೇಳಿ. ಸಾಮಾನ್ಯವಾಗಿ ಗುರುತು ಮಾಡಿಕೊಂಡು ಹೋಗುತ್ತಾರೆ. ನೀವು "ಆಮೇಲೆ ಬನ್ನಿ", "ಕುಕ್ಕರ್ ಇಟ್ಟಿದ್ದೀನಿ" ಅನ್ನುತ್ತಿದ್ದರೆ ಅವರು ಪಾಪ ನಂಬಿ ಆಮೇಲೆ ಬರುತ್ತಾರೆ. ಬಾಗಿಲ ಆ ಕಡೆ ನಿಂತು ನಿಂತು ಕಲಿತವಳು ನಾನು: ಸ್ಪಷ್ಟವಾಗಿ ಬೇಡ ಅಂದವರ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಒಳಗೆ ಟಿವಿ ಸದ್ದು ಕಡಿಮೆ ಮಾಡಿ, ಉಸಿರು ಬಿಗಿಹಿಡಿದು "ಯಾರೂ ಇಲ್ಲ" ಆಗುವವರ ಮೇಲೆ ಬಂದಿದೆ.

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಕನ್ನಡ ಮೇಷ್ಟ್ರು. ಕಿಟ್ಟೆಲ್ ಸಾಹೇಬರು ಹೀಗೆ ಮನೆ ಮನೆ ತಿರುಗಿಯೇ ನಿಘಂಟಿಗೆ ಪದ ಕೂಡಿಸಿದರು ಎಂದು ಯಾರೋ ಭಾಷಣದಲ್ಲಿ ಹೇಳಿದರು. ನಿಜವೇ?

ಉತ್ತರ: ಮೇಷ್ಟ್ರೇ, ಭಾಷಣಕಾರರು ಸ್ವಲ್ಪ ಬೆಲ್ಲ ಜಾಸ್ತಿ ಹಾಕಿದ್ದಾರೆ. ನಿಘಂಟಿನ ದೊಡ್ಡ ಪಾಲು ಹಳೆಯ ಕಾವ್ಯ, ವ್ಯಾಕರಣ, ಓಲೆಗರಿಗಳಿಂದ ಬಂದದ್ದು, ಪಂಡಿತರ ಜೊತೆ ಕೂತು ಕೆಲಸ ಮಾಡಿದ್ದು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದವರು ಅವರು. ಆದರೆ ಆಡುಮಾತು, ಗಾದೆಗಳೂ ಅದರಲ್ಲಿ ಹೇರಳವಾಗಿವೆ. ಅವು ಓಲೆಗರಿಯಲ್ಲಿ ಸಿಕ್ಕವಲ್ಲ. 1853ರಲ್ಲಿ ಬಂದ ಮನುಷ್ಯ, ನಿಘಂಟು ಅಚ್ಚಾದದ್ದು 1894ರಲ್ಲಿ, ಸುಮಾರು 70,000 ಪದ.

ಇನ್ನು ಮನೆ ಮನೆಯ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಕಾಲದ ಸಾಹೇಬರು ಹೆಚ್ಚಾಗಿ ಸಾರಿದ್ದು ಜಾತ್ರೆಯಲ್ಲಿ, ಸಂತೆಯಲ್ಲಿ, ಚಾವಡಿಯಲ್ಲಿ. ಮನೆಯೊಳಗೆ ಪರದೇಶದ ಗಂಡಸನ್ನು ಯಾರು ಬಿಟ್ಟುಕೊಳ್ಳುತ್ತಾರೆ? ಒಳಮನೆಗೆ ಹೋದವರು ಆಮೇಲೆ ಬಂದ "ಬೈಬಲ್ ಹೆಂಗಸರು", ನಮ್ಮವರೇ. ಅವರಲ್ಲಿ ವಿಧವೆಯರೂ ಇದ್ದರು. ಕೈಯಲ್ಲಿ ಒಂದು ಪುಸ್ತಕ, ಸಣ್ಣ ಸಂಬಳ. ಹೆಂಗಸರಿಗೆ ಓದಲು ಕಲಿಸುತ್ತ, ಹೊಲಿಗೆ ಹೇಳಿಕೊಡುತ್ತ, ನಡುನಡುವೆ ಕಥೆ ಹೇಳುತ್ತ ಕೂತವರು. ಸಾಹೇಬರಿಗೆ ಪ್ರತಿಮೆಗಳಿವೆ. ಈ ಹೆಂಗಸರ ಹೆಸರು ಹಳೆಯ ವರದಿಗಳಲ್ಲಿ ಒಂದು ಸಾಲು ಬಂದರೆ ಹೆಚ್ಚು. ನನ್ನ ಅಜ್ಜಿಯ ಅತ್ತೆ ಒಬ್ಬರು ಈ ಕೆಲಸದಲ್ಲಿದ್ದರು. ಅವರದ್ದೆಂದು ನಮ್ಮ ಮನೆಯಲ್ಲಿ ಉಳಿದಿರುವುದು ಒಂದು ಕೊಡೆಯ ಹಿಡಿಕೆ.

ನಿಮಗೆ ಇಷ್ಟವಾಗಬಹುದಾದ ಇನ್ನೊಂದು ಸಂಗತಿ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಹೊರಡಿಸಿದ ಬಾಸೆಲ್ ಮಿಷನ್ನಿನ ಮೋಗ್ಲಿಂಗರು, 1850ರ ಸುಮಾರಿಗೆ ದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದರು. ಕ್ರಿಸ್ತನನ್ನು ಸಾರಲು ಬಂದವರ ಅಚ್ಚಿನಮೊಳೆಯಲ್ಲಿ ಪುರಂದರದಾಸರು! ಹೇಳಲು ಬಂದವರು ಕೇಳಿಸಿಕೊಳ್ಳಲು ಕೂತದ್ದರಿಂದ ಆದದ್ದು ಅದು. ಮೇಲಿನ ಎಂಜಿನಿಯರಿಂಗ್ ಹುಡುಗ ಇದನ್ನೂ ಓದಲಿ.

ಪ್ರಶ್ನೆ: ನಮ್ಮ ಸಭೆಯಿಂದ 5,000 ಕರಪತ್ರ ಅಚ್ಚು ಹಾಕಿಸುತ್ತಿದ್ದೇವೆ. ನಾಲ್ಕು ಬಣ್ಣ, ಆರ್ಟ್ ಪೇಪರ್. ನಿಮ್ಮ ಸಲಹೆ? (ಸಭಾ ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ)

ಉತ್ತರ: 500 ಸಾಕು. ಅಕ್ಷರ ದಪ್ಪಗಿರಲಿ, ಓದುವವರು ಹೆಚ್ಚಾಗಿ ವಯಸ್ಸಾದವರು. ಇನ್ನೊಬ್ಬರ ದೇವರ ಬಗ್ಗೆ ಒಂದು ಅಕ್ಷರವೂ ಬೇಡ. ಕೆಳಗೆ ನಿಮ್ಮ ಸಭೆಯ ಗುಡಿಯ ವಿಳಾಸ, ಫೋನ್ ಎತ್ತುವ ಒಬ್ಬ ಮನುಷ್ಯನ ನಂಬರು ಇರಲಿ.

ಆರ್ಟ್ ಪೇಪರ್ ಮಾತ್ರ ಬೇಡ. ನಾವಿದ್ದ ಒಂದು ಊರಿನ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಮಾಡುವವನಿದ್ದ. ನಾವು ಹಂಚಿದ ಕರಪತ್ರವೆಲ್ಲ ಒಂದು ವಾರದಲ್ಲಿ ಅವನ ಅಂಗಡಿಗೆ ಸೇರುತ್ತಿತ್ತು. ಒಂದು ಸಂಜೆ ನನಗೇ ಯೋಹಾನ 3:16ರಲ್ಲಿ ಎರಡು ಮಿರ್ಚಿ ಕಟ್ಟಿಕೊಟ್ಟ. ನಾನು ಕಾಗದ ಬಿಡಿಸಿ ನೋಡುತ್ತ ನಿಂತದ್ದನ್ನು ಕಂಡು ಅವನಿಗೇ ಸಂಕೋಚವಾಯಿತೇನೋ, ಒಲೆ ಕಡೆ ತಿರುಗಿ ಹೇಳಿದ: "ಹಳೇ ಕಾಗದಾನ ಚಲೋ ಇತ್ರೀ ಅಮ್ಮಾರ. ಈ ಮಿಂಚೂದು ಎಣ್ಣಿ ಹೀರಂಗಿಲ್ಲ."